ಫರಸಿ ಸಾಲಿನೊಳಗೆ ತವರದ ಇಲಿ

ನಾನು ನಾಲ್ಕನೇ ಜಮಾತಿಗೇ ಶಾಲೆ ಬಿಟ್ಟವನು. ಕಥೆ ಹೆಣೆಯುವ ವಿದ್ಯೆ ಕಲಿತಿಲ್ಲ. ಕೈಕೆಲಸದಲ್ಲಿ ಮಾತ್ರ ಯಾರಿಗೂ ತಲೆ ತಗ್ಗಿಸಿದವನಲ್ಲ. ನನ್ನ ಮೈಮೇಲೆ ನಡೆದದ್ದನ್ನಷ್ಟೇ ಬರೆಯುತ್ತಿದ್ದೇನೆ.

ನಿಜಾಮಶಾಹಿ ಹೋಗಿ ಮೂರ್ನಾಲ್ಕು ವರ್ಷವಾಗಿತ್ತು. ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಯಾರ್ಡಿನಲ್ಲಿ ನಾನು ಮಿಸ್ತ್ರಿ. ನಮ್ಮ ಇಂಜಿನಿಯರ್ ಸಾಹೇಬರು ಹಳೆಯ ಟೆಲಿಫೋನಿನ ರಿಲೇಗಳನ್ನು, ಅಂದರೆ ಕರೆಂಟು ಹರಿದರೆ ತಾವೇ ಬೀಳುವ ಸ್ವಿಚ್ಚುಗಳನ್ನು ಜೋಡಿಸಿ, ದಾರಿ ಹುಡುಕುವ ತವರದ ಇಲಿ ಮಾಡಿದ್ದರು. ತಂತಿ ಸುತ್ತಿಕೊಟ್ಟವನು ನಾನೇ. ಹಲಗೆಯ ಮೇಲೆ ನೆಟ್ಟ ಪುಟ್ಟ ಗೋಡೆಗಳ ನಡುವೆ ಬಿಟ್ಟರೆ ಇಲಿ ಬಡಿಯುತ್ತದೆ, ಹಿಂದೆ ಸರಿಯುತ್ತದೆ, ಬೇರೆ ಕಡೆ ತಿರುಗುತ್ತದೆ. ಎಲ್ಲಿಂದ ಯಾವ ಕಡೆ ಹೊರಬಿತ್ತೆಂದು ಹಲಗೆಯ ಕೆಳಗಿನ ರಿಲೇಗಳು ಟಕ್ಕೆಂದು ನೆನಪಿಡುತ್ತವೆ. ಎರಡನೇ ಸಲ ಎಲ್ಲೂ ಬಡಿಯದೆ ನೇರ ಹೋಗುತ್ತದೆ. ಆದರೆ ಗೋಡೆ ಕಿತ್ತು ಬೇರೆ ಕಡೆ ನೆಟ್ಟರೆ, ಹಳೇ ನೆನಪನ್ನೇ ಹಿಡಿದು ಅಲ್ಲಲ್ಲೇ ಸುತ್ತುವುದೂ ಉಂಟು... ನೆನಪು ಅಳಿಸಿದರಷ್ಟೇ ಬಿಡುಗಡೆ.

“ನಿಮ್ಮ ಇಲಿ ರೊಟ್ಟಿ ತಿಂತದೋ, ಬಿಜಲಿ ತಿಂತದೋ?” ಎಂದು ಜೊತೆಗಾರ ರಸೂಲ ಕಾಡುತ್ತಿದ್ದ.

“ನಿನ್ನಂಗ ಬೀಡಿಯರ ಸೇದಂಗಿಲ್ಲ ಬಿಡಪಾ.”

ಅವತ್ತು ಹಗಲೆಲ್ಲ ರೈಲಿನ ವ್ಯಾಗನ್ ತುಂಬಿದ್ದರಿಂದ, ಆಳೆತ್ತರದ ಕಲ್ಲಿನ ಸಾಲುಗಳು ಜಾಗ ಬದಲಿಸಿದ್ದವು. ಕತ್ತಲಾದ ಮೇಲೆ ಉಳಿದ ಕಲ್ಲು ನೋಡಿಬರಲು ನಾವಿಬ್ಬರೂ ಕಂದೀಲು ಹಿಡಿದು ಆ ಸಾಲುಗಳ ಒಳಗೆ ಹೋದೆವು. ಚಪ್ಪಡಿಯೊಂದು ಜಾರಿ ರಸೂಲನ ಕಾಲಿನ ಮೇಲೆ ಬಿತ್ತು. ಕಂದೀಲು ಒಡೆಯಿತು.

“ಲಗೂ ಯಾರನ್ನರ ಕರಕೊಂಡ್ ಬಾ ಶರಣಪ್ಪ... ರಗತ ನಿಲ್ಲವಲ್ದು.”

ಓಡಿದೆ. ಕಣ್ಣು ಕಟ್ಟಿದರೂ ನನ್ನ ಯಾರ್ಡಿನ ದಾರಿ ನನಗೆ ಗೊತ್ತೆಂಬ ಗರ್ವ.

ಎಡಕ್ಕೆ... ಕಲ್ಲು. ಬಲಕ್ಕೆ... ಕಲ್ಲು. ಮೂಗಿನ ತುಂಬ ಕಲ್ಲುಧೂಳು. ಆಮೇಲೆ ಸೀಮೆಎಣ್ಣೆಯ ಘಾಟು. ಒಡೆದ ಕಂದೀಲಿನದೇ... ತಿರುಗಿ ಅಲ್ಲಿಗೇ ಬಂದಿದ್ದೆ.

“ರಸೂಲ?”

ಉತ್ತರವಿಲ್ಲ. ಸತ್ತನೇ?

ಮತ್ತೆ ಓಡಿದೆ. ಮತ್ತೆ ಅದೇ ಘಾಟು. ಆಗ ಕೇಳಿಸಿತು... ಟಕ್. ನಾನು ತಿರುಗಿದರೆ, ಕಾಲಡಿಯಲ್ಲೇ ಎಲ್ಲೋ... ಟಕ್. ನಿಂತರೆ ಅದೂ ನಿಲ್ಲುತ್ತಿತ್ತು. ಇಲಿ ಇದ್ದ ಸಾಹೇಬರ ಕೋಣೆಗೆ ಬೀಗ ಹಾಕಿ ಬಂದವನು ನಾನೇ.

ಇಲಿಯ ನೆನಪು ಅಳಿಸುವಂತೆ, ನೆನಪಿನಲ್ಲಿದ್ದ ಯಾರ್ಡನ್ನು ತಲೆಯಿಂದ ತೆಗೆದುಹಾಕಿದೆ. ಎಂದೂ ಕಾಲಿಡದ ಜಾಗವೆಂಬಂತೆ ಒಂದೊಂದು ತಿರುವನ್ನೂ ಕೈಯಿಂದ ಮುಟ್ಟುತ್ತ ನಡೆದೆ. ಸದ್ದು ನಿಂತಿತು. ಎದುರಿಗೆ ರೈಲು ಹಳಿ ಮಿಂಚಿತು.

ಆಳುಗಳನ್ನು ಕರೆತಂದು ಕಲ್ಲೆತ್ತಿದೆವು. ರಸೂಲನಿಗೆ ಎಚ್ಚರವಿತ್ತು. ನನ್ನನ್ನು ಕಂಡವನೇ ಹಿಂದಕ್ಕೆ ಸರಿಯಲು ನೋಡಿದ.

“ಕರದು ಕರದು ಗಂಟ್ಲ ಹರೀತು,” ಎಂದ ಪಿಸುಮಾತಿನಲ್ಲಿ. “ಎಷ್ಟ್ ಸಲ ನನ್ನ ಮುಂದೇ ಬಂದಿ. ಧೋತ್ರ ಹಿಡದು ಜಗ್ಗಿದೆ. ನೀ ಕಲ್ಲಿಗಿ ಎದಿ ಬಡಕೊಂಡು ತಿರಗಿ ಹೋದಿ... ಮತ್ತ ಬಂದಿ.”

ನನಗೆ ಒಂದು ಕೂಗೂ ಕೇಳಿಸಿರಲಿಲ್ಲ.

ಕಾಲು ಉಳಿಯಿತು, ಗೆಳೆತನವೂ ಉಳಿಯಿತು. ಆದರೆ ಇವತ್ತಿಗೂ ರಸೂಲ ನನ್ನನ್ನು ಒಮ್ಮೆ ಕರೆದು ಸುಮ್ಮನಾಗುವುದಿಲ್ಲ. ನಾನು ಓ ಎಂದ ಮೇಲೂ ಇನ್ನೊಮ್ಮೆ ಕರೆಯುತ್ತಾನೆ... ನನ್ನ ಕಣ್ಣು ನೋಡುತ್ತಾನೆ... ಆಮೇಲಷ್ಟೇ ಮಾತು ತೆಗೆಯುತ್ತಾನೆ.