ರೈಮೋನ ಹೆಸರಿನ ವೈಫೈ

ಔಲು ಪಟ್ಟಣದ ಐಲಾಗೆ ಅಂಗೈಯಗಲದ ತನ್ನ ಪುಟ್ಟ ಕಂಪ್ಯೂಟರ್ ಎಂದರೆ ಪ್ರಾಣ. ಜಾರಿಸಿದರೆ ಕೀಲಿಮಣೆ ಹೊರಬರುವ, ಹದಿನೈದು ವರ್ಷ ಹಳೆಯ ಯಂತ್ರ. ಒಂದು ಕಾಲದಲ್ಲಿ ಅವಳು, ರೈಮೋ, ಸೆಪ್ಪೋ ಮತ್ತು ಇನ್ನೈದು ಜನ ಒಂದೇ ಪ್ರಯೋಗಾಲಯದಲ್ಲಿ ಕೂತು ಅದರ ವೈಫೈ ಪರೀಕ್ಷಿಸಿದವರು. ಪ್ರಯೋಗಾಲಯ ಮುಚ್ಚಿತು, ಯಂತ್ರಗಳು ಅವರ ಕೈಯಲ್ಲೇ ಉಳಿದವು. ಪರದೆಯ ಮೇಲಿನ ಚಿತ್ರ ಒತ್ತಿ ವೈಫೈ ಹಿಡಿಯುವುದೆಂದರೆ ಈಗಲೂ ಅವರ ಪಾಲಿಗೆ ನಾಚಿಕೆಗೇಡು. ಟರ್ಮಿನಲ್ ತೆರೆದು, ಕಪ್ಪು ಪರದೆಯಲ್ಲಿ ಆಜ್ಞೆ ಟೈಪಿಸಿಯೇ ಹಿಡಿಯಬೇಕು.

ಪ್ರತಿ ಜೂನ್‌ನಲ್ಲಿ ಎಲ್ಲರೂ ಸರೋವರದ ದಂಡೆಯ ರೈಮೋನ ಮನೆಯಲ್ಲಿ ಸೇರುತ್ತಿದ್ದರು. ಸೌನಾದ ಬಿಸಿಹಬೆಯ ಸ್ನಾನಕ್ಕೆ ಹೋಗುವ ಮುಂಚೆ ಯಂತ್ರಗಳನ್ನೆಲ್ಲ ಜಗಲಿಯ ಮೇಜಿನ ಮೇಲಿಡುವುದು ಪದ್ಧತಿ. ಅಲ್ಲಿನ ವೈಫೈಗೆ ರೈಮೋ ತನ್ನ ಹೆಸರನ್ನೇ ಇಟ್ಟಿದ್ದ. ಒಮ್ಮೆ ಟೈಪಿಸಿ ಹಿಡಿದ ಮೇಲೆ ಎಲ್ಲರ ಯಂತ್ರಗಳೂ ಅದನ್ನು ನೆನಪಿಟ್ಟುಕೊಂಡು ತಾವೇ ಹಿಡಿಯುತ್ತಿದ್ದವು. ಎಂಥ ಸುಖದ ದಿನಗಳು ಅವು! ಹೋದ ಚಳಿಗಾಲದಲ್ಲಿ ರೈಮೋ ತೀರಿಕೊಂಡ. ಮನೆ ಬೇರೆಯವರ ಪಾಲಾಯಿತು.

ಐಲಾಳ ಯಂತ್ರಕ್ಕೆ ಅದೆಲ್ಲ ಎಲ್ಲಿ ಗೊತ್ತು? ಆನ್ ಮಾಡಿದಾಗಲೆಲ್ಲ ಮೊದಲು ರೈಮೋನ ವೈಫೈಯನ್ನೇ ಹುಡುಕಿ, ಅರ್ಧ ನಿಮಿಷ ಕಾದು, ಆಮೇಲೆ ಬೇರೆಯದನ್ನು ಹಿಡಿಯುತ್ತಿತ್ತು. ಒಂದು ದಿನ ಕಾಫಿ ಅಂಗಡಿಯಲ್ಲಿ ಸೆಪ್ಪೋ ಅದನ್ನು ನೋಡಿಬಿಟ್ಟ.

"ಆ ಹೆಸರು ಇನ್ನೂ ಅಳಿಸಿಲ್ವೇನೇ? ಒಂದು ಸಾಲು ಟೈಪ್ ಮಾಡಿದ್ರೆ ಮುಗೀತು. ಸುಮ್ನೆ ಬ್ಯಾಟರಿ ದಂಡ."

"ನಿನ್ನ ಗಂಟೇನು ಹೋಯ್ತು?"

"ಸತ್ತವನು ಸಿಗ್ನಲ್ ಕೊಡ್ತಾನಾ, ಮಾರಾಯ್ತಿ?"

ಐಲಾ ಮನೆಗೆ ಬಂದು ಅಳಿಸುವ ಆಜ್ಞೆಯನ್ನು ಮೂರು ಸಲ ಟೈಪಿಸಿದಳು. ಮೂರು ಸಲವೂ ಎಂಟರ್ ಒತ್ತಲು ಬೆರಳು ಏಳಲಿಲ್ಲ. ಇದನ್ನೂ ಅಳಿಸಿದರೆ ರೈಮೋ ನಿಜಕ್ಕೂ ಹೊರಟೇಹೋಗುತ್ತಾನೆ ಎನಿಸಿತು. ಕೊನೆಗೆ ಬೇರೊಂದು ಆಜ್ಞೆ ಕೊಟ್ಟು, ಯಂತ್ರ ಬಚ್ಚಿಟ್ಟುಕೊಂಡಿದ್ದ ಪಾಸ್‌ವರ್ಡನ್ನು ಪರದೆಗೆ ತರಿಸಿ, ತನ್ನ ಮನೆಯ ವೈಫೈಗೆ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟಳು. ಯಾರಿಗೂ ಹೇಳಲಿಲ್ಲ. ಸೆಪ್ಪೋನ ಬಾಯಿಗೆ ಬಿದ್ದರೆ ಕೇಳಬೇಕೆ!

ಈ ಜೂನ್‌ನ ಕೂಟ ಐಲಾಳ ಮನೆಯಲ್ಲೇ ನಡೆಯಿತು. ಕಾಫಿ, ಏಲಕ್ಕಿ ಬನ್ನು ಮುಗಿಸಿ, ಸೌನಾಕ್ಕೆ ಹೋಗುವ ಮುಂಚೆ ಎಂದಿನಂತೆ ಆರು ಜನ ಗೆಳೆಯರೂ ತಂತಮ್ಮ ಯಂತ್ರ ಆನ್ ಮಾಡಿ ಮೇಜಿನ ಮೇಲಿಟ್ಟರು. ಪಾಸ್‌ವರ್ಡ್ ಏನೆಂದು ಯಾರಾದರೂ ಕೇಳುವ ಮೊದಲೇ ಆರೂ ಪರದೆಗಳ ಮೇಲೆ ಒಂದೇ ಸಾಲು ಮೂಡಿತು: 'ರೈಮೋ, ಸಂಪರ್ಕ ಸಿಕ್ಕಿದೆ.'

ಯಾರೂ ಸೌನಾದ ಕಡೆಗೆ ಹೆಜ್ಜೆ ಹಾಕಲಿಲ್ಲ. ಐಲಾ ಸೆಪ್ಪೋನ ಮುಖ ನೋಡಿದಳು.

"ನೀನೂ ಅಳಿಸಿರ್ಲಿಲ್ವಾ?"

ಸೆಪ್ಪೋ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಕೈ ಬರ್ಲಿಲ್ಲ ಕಣೇ," ಎಂದ.