ಲೆನ್ಸಿಗೆ ಕಟ್ಟಿದ ಬಳೆ

ಆನೆಗೊಂದಿಯ ಒಂದು ಮನೆಗೆ ತೊಟ್ಟಿಲ ಕಾರ್ಯದ ಫೋಟೋ ತೆಗೆಯಲು ಹೋಗಿದ್ದೆ. ಕ್ಯಾಮೆರಾ ಎತ್ತಿದಾಗೆಲ್ಲ ಅಜ್ಜಿ ಕೂಸಿನ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಕೂಸೇ ಇಲ್ಲದ ಆಲ್ಬಮ್ ಯಾರಿಗೆ ಬೇಕು?

ಆರತಿ ಹೊತ್ತಿಗೆ, ದೀಪಗಳು ನಕ್ಷತ್ರದಂತೆ ಕಾಣಲೆಂದು ಮನೆಯಲ್ಲೇ ಮಾಡಿಕೊಂಡಿದ್ದ ಫಿಲ್ಟರನ್ನು ಲೆನ್ಸಿಗೆ ಸಿಕ್ಕಿಸಿದೆ. ಫಿಲ್ಟರ್ ಅಂದರೆ ಹೆಂಡತಿಯ ಹಳೇ ಬಳೆ, ಅದಕ್ಕೆ ಅಡ್ಡ ಉದ್ದ ಬಿಗಿದ ಬಾಳೆನಾರಿನ ಎಳೆಗಳು.

ಅಜ್ಜಿ ಅದನ್ನೇ ನೋಡಿದರು. “ಕೂಸಿಗೆ ದೃಷ್ಟಿ ಆಗಬಾರ್ದಂತ ಕ್ಯಾಮೆರಾದ ಕಣ್ಣು ಕಟ್ಟೀರೇನ್ರಿ? ಭಾಳ ಛಲೋ ಮಾಡೀರಿ. ಆದ್ರ ಕರೀ ದಾರ ಕಟ್ಟಬೇಕಿತ್ರಿ” ಎಂದು ಸೆರಗು ಸರಿಸಿದರು.

ಕೂಸಿನ ಮುಖ ಕಂಡದ್ದೇ ತಡ, ಬಟನ್ ಒತ್ತಿದೆ.

ಮುಂದಿನ ಫಿಲ್ಟರಿಗೆ ಕರೀ ದಾರವನ್ನೇ ಕಟ್ಟಿದೆ. ದೃಷ್ಟಿಯ ಸಂಗತಿ ನನಗೆ ಗೊತ್ತಿಲ್ಲ, ನಕ್ಷತ್ರಗಳಂತೂ ಮೊದಲಿಗಿಂತ ಚೂಪಾಗಿ ಮೂಡುತ್ತಿವೆ.