ಯುಗಾದಿಗೆ ಕಪ್ಪು ಸೀರೆ

ಹೂಸ್ಟನ್ನಿನ ನಮ್ಮ ಕನ್ನಡ ಬಳಗದ ಯುಗಾದಿ ಕಾರ್ಯಕ್ರಮದಲ್ಲಿ ಹೆಂಗಸರಿಗೆಂದು ಹದಿನೈದು ನಿಮಿಷ ಮೀಸಲಿರುತ್ತಿತ್ತು. ಅಡುಗೆಮನೆಯಲ್ಲಿ ಮಾತ್ರ ನಮಗೆ ಇಂಥ ಮಿತಿಯೇನೂ ಇರಲಿಲ್ಲ, ಎಷ್ಟು ಹೊತ್ತು ಬೇಕಾದರೂ ದುಡಿಯಬಹುದಿತ್ತು. ವೇದಿಕೆಯ ಮೇಲಿನ ಆ ಹದಿನೈದು ನಿಮಿಷದಲ್ಲಿ ವರ್ಷವರ್ಷವೂ ಸೀರೆಗಳ ಫ್ಯಾಷನ್ ಶೋ ನಡೆಯುತ್ತಿತ್ತು. ಮೈಸೂರು ಸಿಲ್ಕ್, ಇಳಕಲ್, ಮೊಳಕಾಲ್ಮೂರು ಎಂದು ಒಬ್ಬೊಬ್ಬರೇ ಬಂದು ಸೆರಗು ಬಿಡಿಸಿ ತೋರಿಸಿ ಹೋಗುವುದು. 2003ರಲ್ಲಿ ಆ ಹದಿನೈದು ನಿಮಿಷ ನನ್ನ ಕೈಗೆ ಬಂತು. ಕೊಟ್ಟವರು ಆಮೇಲೆ ಕೈ ಕೈ ಹಿಸುಕಿಕೊಂಡರು.

ನನಗೆ ಬೇರೆಯೇ ಹುಚ್ಚು ಹತ್ತಿತ್ತು. ಮದುವೆಗೆ ಮುಂಚೆ, ತೊಂಬತ್ತರ ದಶಕದ ಕೊನೆಯಲ್ಲಿ, ಆಸ್ಟಿನ್ನಿನಲ್ಲಿ ಇತಿಹಾಸ ಓದುತ್ತಿದ್ದಾಗ ಲೈಬ್ರರಿಯ ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಒಂದು ಫೋಟೋ ಕಂಡಿತ್ತು. ಯುರೋಪಿನಲ್ಲಿ ಮೊದಲ ಮಹಾಯುದ್ಧ ಆಗಷ್ಟೇ ಶುರುವಾಗಿದೆ. ನ್ಯೂಯಾರ್ಕಿನ ದೊಡ್ಡ ಬೀದಿಯೊಂದರಲ್ಲಿ ಹೆಂಗಸರು ಸಾಲುಗಟ್ಟಿ ನಡೆಯುತ್ತಿದ್ದಾರೆ. ಸಾವಿನ ಮನೆಗೆ ಹೊರಟವರ ಹಾಗೆ ಕಪ್ಪು ಉಡುಪು, ಅದಿಲ್ಲದವರ ತೋಳಿಗೆ ಕಪ್ಪು ಪಟ್ಟಿ. ಘೋಷಣೆಯಿಲ್ಲ, ಹಾಡಿಲ್ಲ. ಬಟ್ಟೆ ಸುತ್ತಿ ದನಿ ತಗ್ಗಿಸಿದ ಡೋಲಿನ ಸದ್ದೊಂದೇ ಎಂದು ಜೊತೆಯ ವರದಿಯಲ್ಲಿತ್ತು. ಅವರಲ್ಲಿ ಬಹಳ ಜನಕ್ಕೆ ಓಟು ಹಾಕುವ ಹಕ್ಕೂ ಇರಲಿಲ್ಲ. ಓಟಿಲ್ಲದವರು ಯುದ್ಧ ಬೇಡವೆಂದು ಯಾರಿಗೆ ಹೇಳಬೇಕು? ಅವರು ಬೀದಿಗಿಳಿದು, ಬಾಯಿ ಮುಚ್ಚಿಕೊಂಡು ನಡೆದು, ಊರಿಗೇ ಹೇಳಿದರು. ಆ ಪುಟದ ಜೆರಾಕ್ಸ್ ಮಾಡಿಸಿಕೊಂಡು ರೂಮಿಗೆ ಬಂದವಳು ಖುಷಿಗೆ ಊಟ ಮಾಡುವುದನ್ನೇ ಮರೆತಿದ್ದೆ.

ಫೆಬ್ರವರಿಯಲ್ಲಿ ಒಂಬತ್ತು ಹೆಂಗಸರನ್ನು ಸೇರಿಸಿ ಆ ಜೆರಾಕ್ಸ್ ತೋರಿಸಿದೆ. ನಾವೂ ವೇದಿಕೆಯ ಮೇಲೆ ಹೀಗೇ ನಡೆಯೋಣ, ಮಾತಿಲ್ಲದೆ, ಎರಡು ಸುತ್ತು, ಅಷ್ಟೇ ಎಂದೆ. ಇರಾಕಿನ ಮೇಲೆ ಯುದ್ಧವಾಗುತ್ತದೋ ಇಲ್ಲವೋ ಎಂದು ಟೀವಿಗಳೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದ ದಿನಗಳವು. ನಮ್ಮಲ್ಲಿ ಯಾರಿಗೂ ಓಟಿರಲಿಲ್ಲ. ಅರ್ಧ ಜನಕ್ಕೆ ಕೆಲಸ ಮಾಡುವ ವೀಸಾ ಕೂಡ ಇರಲಿಲ್ಲ. ಅದಕ್ಕೇ ಇರಬೇಕು, ಫೋಟೋ ನೋಡಿದ ಕೂಡಲೇ ಎಲ್ಲರೂ ಕುರ್ಚಿ ತುದಿಗೆ ಬಂದು ಕೂತರು.

ಡೋಲು ಎಲ್ಲಿಂದ ತರುವುದು? ಪ್ಲೇನೋದಲ್ಲಿದ್ದ ಗೆಳತಿಯ ಗರಾಜಿನಲ್ಲಿ ಡಲ್ಲಾಸ್ ಕಡೆಯ ಕನ್ನಡದವರ ಡೊಳ್ಳೊಂದು ಧೂಳು ಹಿಡಿದು ಕೂತಿತ್ತು. ಒಂದು ಶನಿವಾರ ಬೆಳಗ್ಗೆ ಹೊರಟು ನಾಲ್ಕು ಗಂಟೆ ಡ್ರೈವ್ ಮಾಡಿ, ಅದನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ, ಮತ್ತೆ ನಾಲ್ಕು ಗಂಟೆ ಡ್ರೈವ್ ಮಾಡಿ ತಂದೆ. ದಾರಿಯುದ್ದಕ್ಕೂ ಅದರ ಜೊತೆ ಮಾತಾಡಿದೆ ಎಂದರೆ ಈಗಲೂ ನನ್ನ ಗಂಡ ನಗುತ್ತಾನೆ. ಬಾರಿಸುವುದಕ್ಕೆ ಹುಬ್ಬಳ್ಳಿಯ ಹುಡುಗಿಯೊಬ್ಬಳು ಸಿಕ್ಕಳು. ಹೂಸ್ಟನ್ನಿಗೆ ಓದಲು ಬಂದು ಇನ್ನೂ ಎರಡೇ ತಿಂಗಳಾಗಿತ್ತು. ಊರಿನ ಕಾಲೇಜಿನಲ್ಲಿ ಡೊಳ್ಳು ಬಾರಿಸಿದ ಕೈ. ನಾನು ಡೊಳ್ಳಿಗೆ ಹಳೆಯ ಕಂಬಳಿ ಸುತ್ತುವುದನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಅಕ್ಕಾರ, ಡೊಳ್ಳು ಜೋರಾಗ್ಲಿ ಅಂತ ಬೆಂಕಿಗೆ ಕಾಸೋದು ನೋಡೇನ್ರಿ. ಬಾಯಿ ಮುಚ್ಚಸಾಕ ಕಂಬಳಿ ಹೊಚ್ಚೋದು ಇದ ಮೊದಲನೇ ಸಲ ನೋಡಾಕತ್ತೇನಿ!"

ತಾಪತ್ರಯ ಶುರುವಾದದ್ದು ಸೀರೆಯಿಂದ. ಎಲ್ಲರೂ ಅಚ್ಚ ಕಪ್ಪು ಸೀರೆ ಉಟ್ಟು ಬರಬೇಕೆಂದು ನಾನು ಅಪ್ಪಣೆ ಕೊಡಿಸಿದೆ. ಫೋಟೋದಲ್ಲಿ ಕಪ್ಪಿದ್ದ ಮೇಲೆ ಇಲ್ಲೂ ಕಪ್ಪೇ. ಯುಗಾದಿ ಎನ್ನುವುದು ತಲೆಗೇ ಬರಲಿಲ್ಲ! ಮನೆಯ ಫೋನು ಒಂದೇ ಸಮನೆ ಹೊಡೆದುಕೊಳ್ಳತೊಡಗಿತು. ವರ್ಷದ ಮೊದಲ ಹಬ್ಬಕ್ಕೆ ಕಪ್ಪಾ? ಕೆಂಪು ಅಂಚಿದ್ದರೆ ನಡೆಯುತ್ತಾ? ಅತ್ತೆ ಬಂದಿದ್ದಾರೆ, ಅವರಿಗೆ ಏನು ಹೇಳಲಿ? ಹುಬ್ಬಳ್ಳಿಯ ಹುಡುಗಿ ಮಾತ್ರ, ತಮ್ಮ ಕಡೆ ಸಂಕ್ರಾಂತಿಗೆ ಕಪ್ಪು ಚಂದ್ರಕಾಳಿ ಸೀರೆಯನ್ನೇ ಹುಡುಕಿ ಉಡುತ್ತಾರೆಂದು ನನ್ನ ಪರ ನಿಂತಳು. ನಾನು ಜಗ್ಗಲಿಲ್ಲ. ಹಟ ಎನ್ನುವುದು ನನಗೆ ಹುಟ್ಟಿನಿಂದ ಬಂದದ್ದು.

ಅಷ್ಟರಲ್ಲಿ ಯುದ್ಧ ನಿಜವಾಗಿಯೇ ಶುರುವಾಯಿತು. ಮಾರನೆಯ ದಿನವೇ ಬಳಗದ ಅಧ್ಯಕ್ಷರ ಫೋನು ಬಂತು.

"ನೋಡಮ್ಮ, ನನಗೆ ಬೇರೇನೂ ತಕರಾರಿಲ್ಲ. ಆದ್ರೆ ಡಾಕ್ಟರ್ ಆಂಟಿ ಮಗ ಅಲ್ಲೇ ಇದಾನೆ. ಅವರ ಕಣ್ಣೆದುರಿಗೆ ನೀವು ಕಪ್ಪು ಉಟ್ಕೊಂಡು ಓಡಾಡಿದ್ರೆ ಹೇಗೆ? ಅವರು ಹೂಂ ಅಂದ್ರೆ ಮಾಡಿ. ಇಲ್ಲಾಂದ್ರೆ ಫ್ಯಾಷನ್ ಶೋ."

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಡಾಕ್ಟರ್ ಆಂಟಿ ಮೈಸೂರಿನವರು, ಮಕ್ಕಳ ವೈದ್ಯೆ, ಹೂಸ್ಟನ್ನಿಗೆ ಅಂಟಿಕೊಂಡ ಮಿಸೌರಿ ಸಿಟಿಯಲ್ಲಿ ಮನೆ. ಒಬ್ಬನೇ ಮಗ, ಇಲ್ಲೇ ಹುಟ್ಟಿದವನು, ಕಾಲೇಜು ಬಿಟ್ಟು ಅಮೆರಿಕದ ಸೈನ್ಯ ಸೇರಿದ್ದ. ನಮ್ಮ ಗುಂಪಿಗೆ ಅದು ಅರ್ಥವೇ ಆಗಿರಲಿಲ್ಲ. ಯುದ್ಧ ಶುರುವಾದ ಮೇಲಂತೂ ಅವರು ಎದುರು ಸಿಕ್ಕರೆ ಎಲ್ಲರೂ ಹೂಸ್ಟನ್ನಿನ ಸೆಖೆಯ ಮಾತಾಡಿ ಜಾರಿಕೊಳ್ಳುತ್ತಿದ್ದರು. ನಾನೂ ಜಾರಿಕೊಂಡಿದ್ದೆ. ನನ್ನ ಮೆರವಣಿಗೆಯ ಗುಂಗಿನಲ್ಲಿ ಅವರ ಮಗನ ನೆನಪೇ ಆಗಿರಲಿಲ್ಲ ಎನ್ನುವುದು ಇನ್ನೂ ಕೆಟ್ಟದ್ದು.

ಭಾನುವಾರ ಅವರ ಮನೆಗೆ ಹೋದೆ. ಅಂಗಳದ ಮರಕ್ಕೆ, ಯುದ್ಧಕ್ಕೆ ಹೋದವರು ಕ್ಷೇಮವಾಗಿ ಮರಳಲೆಂದು ಆ ದೇಶದಲ್ಲಿ ಕಟ್ಟುವ ಹಳದಿ ರಿಬ್ಬನ್ ಕಟ್ಟಿತ್ತು. ಒಳಗೆ ಆಂಟಿ ಚಿತ್ರಾನ್ನಕ್ಕೆ ಮಾವಿನಕಾಯಿ ತುರಿಯುತ್ತಿದ್ದರು. ನಾನು ಎಲ್ಲ ಹೇಳಿ, ಜೆರಾಕ್ಸನ್ನು ಮೇಜಿನ ಮೇಲಿಟ್ಟೆ. ಅವರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಬಹಳ ಹೊತ್ತು ನೋಡಿದರು.

"ಇವರ ಮಕ್ಕಳು ಯುದ್ಧಕ್ಕೆ ಹೋಗಿದ್ರಾ?"

"ಇಲ್ಲ ಆಂಟಿ. ಆಗಿನ್ನೂ ಅಮೆರಿಕ ಯುದ್ಧಕ್ಕೆ ಇಳಿದಿರಲಿಲ್ಲ. ಅಲ್ಲಿ ಸಾಯ್ತಾ ಇದ್ದೋರು ಬೇರೆ ದೇಶದ ಹುಡುಗರು."

"ಬೇರೆಯವರ ಮಕ್ಕಳಿಗೋಸ್ಕರ ಇಷ್ಟು ಜನ ಬಿಸಿಲಲ್ಲಿ ನಡೆದ್ರಾ?" ಅವರ ಮುಖ ಅರಳಿತು. ಮತ್ತೊಮ್ಮೆ ಹಾಳೆ ಎತ್ತಿಕೊಂಡರು. "ನಾನೂ ಬರ್ತೀನಿ. ಆದ್ರೆ ಕಪ್ಪು ಉಡಲ್ಲ."

ಅಲ್ಲಿಗೆ ಸುಮ್ಮನಾಗಬೇಕಿತ್ತಲ್ಲವೇ? ನಾನು ಆಗಲಿಲ್ಲ. ಒಬ್ಬರು ಬೇರೆ ಬಣ್ಣ ಉಟ್ಟರೆ ಇಡೀ ದೃಶ್ಯ ಕೆಡುತ್ತದೆ, ಇತಿಹಾಸದಲ್ಲಿ ಹಾಗಿಲ್ಲ ಎಂದು ವಾದಕ್ಕೇ ನಿಂತೆ. ಆಂಟಿ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ.

"ಅವರು ಸತ್ತೋರಿಗೆ ಅಂತ ಕಪ್ಪು ಉಟ್ರು ಕಣಮ್ಮ, ಸರಿ. ನನ್ನ ಮಗ ಬದುಕಿದಾನೆ. ನಿನ್ನ ಇತಿಹಾಸಕ್ಕೆ ನೂರು ವರ್ಷ ಆಗ್ತಾ ಬಂತು, ನನ್ನ ಮಗನಿಗೆ ಇನ್ನೂ ಇಪ್ಪತ್ತೆರಡು."

ಜೆರಾಕ್ಸ್ ಮಡಚಿಕೊಂಡು ಎದ್ದೆ. ಕಾರಿಗೆ ಬಂದು ಕೂತು ನನ್ನನ್ನೇ ಬೈದುಕೊಂಡೆ. ಹಾಗೆ ಬೈದುಕೊಳ್ಳುವಾಗಲೂ ಎದೆ ಕುಣಿಯುತ್ತಿತ್ತು. ಅವರು ಬರುತ್ತಾರೆ! ಉಳಿದ ಒಂಬತ್ತು ಮಂದಿಗೂ ಆ ಸುದ್ದಿ ಮುಟ್ಟಿದ ಮೇಲೆ ಕಪ್ಪಿನ ಬಗ್ಗೆ ಒಂದೇ ಒಂದು ಫೋನು ಬರಲಿಲ್ಲ.

ಕಾರ್ಯಕ್ರಮದ ದಿನ ಹಾಲ್ ತುಂಬಿತ್ತು. ನಮ್ಮ ಹಾಲ್ ಎಂದಾದರೂ ಸುಮ್ಮನಿದ್ದುದನ್ನು ಯಾರೂ ಕಂಡವರಿಲ್ಲ. ಮಕ್ಕಳು ಇಂಗ್ಲಿಷಿನಲ್ಲಿ ಕೂಗುತ್ತ ಓಡುತ್ತಾರೆ, ಅಂಕಲ್‌ಗಳು ಹಿಂದಿನ ಸಾಲಿನಲ್ಲಿ ಮನೆ ಕೊಳ್ಳುವ ಮಾತಾಡುತ್ತಾರೆ. ಪರದೆ ಸರಿಯಿತು. ಹುಬ್ಬಳ್ಳಿಯ ಹುಡುಗಿ ಕಂಬಳಿ ಹೊದ್ದ ಡೊಳ್ಳನ್ನು ಒಮ್ಮೆ ಬಡಿದಳು, ನಿಲ್ಲಿಸಿದಳು, ಮತ್ತೊಮ್ಮೆ ಬಡಿದಳು. ನಾನು ಮುಂದೆ, ನನ್ನ ಹಿಂದೆ ಕಪ್ಪು ಸೀರೆಯ ಒಂಬತ್ತು ಜನ. ಅರ್ಧ ಸುತ್ತು ಆಗುವಷ್ಟರಲ್ಲಿ ಹಿಂದಿನಿಂದ ಒಂದು ದನಿ.

"ಮೈಕ್ ಆನ್ ಮಾಡ್ರಪ್ಪಾ, ಏನೂ ಕೇಳಿಸ್ತಿಲ್ಲ!"

ಧ್ವನಿ ನೋಡಿಕೊಳ್ಳುತ್ತಿದ್ದ ಅಂಕಲ್ ಗಾಬರಿಯಿಂದ ವೇದಿಕೆಗೆ ಓಡಿ ಬಂದು ನನ್ನ ಬಾಯಿಗೇ ಮೈಕು ಹಿಡಿದರು. ಹಾಲ್ ಗೊಳ್ಳೆಂದಿತು. ನನಗೆ ಅಳು ಬಂತು, ನಗುವೂ ಬಂತು. ತಲೆಯಾಡಿಸಿ ಮುಂದೆ ನಡೆದೆ. ಆ ಹೊತ್ತಿಗೆ ಸಾಲಿನ ಕೊನೆಯವರಾಗಿ ಡಾಕ್ಟರ್ ಆಂಟಿ ವೇದಿಕೆಗೆ ಬಂದರು. ಎಲೆಹಸಿರು ರೇಷ್ಮೆ ಸೀರೆ, ಕೈತುಂಬ ಬಳೆ, ಮುಡಿಯಲ್ಲಿ ಹೂವು.

ಅವರು ಯಾರ ತಾಯಿ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಆರುತ್ತ ಹೋಯಿತು. ಮಕ್ಕಳನ್ನು ಯಾರೋ ಹಿಡಿದು ಕೂರಿಸಿದರು. ಡೊಳ್ಳಿನ ಅದುಮಿದ ಸದ್ದು ಈಗ ಎದೆಗೇ ಬಡಿಯುತ್ತಿತ್ತು. ಎರಡನೇ ಸುತ್ತು ಮುಗಿಸಿ ನಾವು ಪರದೆಯ ಹಿಂದೆ ಸರಿಯಬೇಕು. ಆಂಟಿ ಸರಿಯಲಿಲ್ಲ. ಮೆಟ್ಟಿಲಿಳಿದು ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದೇಬಿಟ್ಟರು! ನಾನು ತಬ್ಬಿಬ್ಬಾಗಿ ಅವರ ಹಿಂದೆ ಓಡಿದೆ. ಡೊಳ್ಳಿನ ಹುಡುಗಿಯೂ ಡೊಳ್ಳು ಹೊತ್ತು ಇಳಿದಳು. ಮೂರನೇ ಸಾಲಿನಲ್ಲಿ ಒಬ್ಬರು ಎದ್ದು ನಮ್ಮ ಜೊತೆ ಸೇರಿದರು. ಆಮೇಲೆ ಇನ್ನೊಬ್ಬರು. ಆಮೇಲೆ ಲೆಕ್ಕ ಸಿಗಲಿಲ್ಲ. ಕೆಂಪು, ಹಳದಿ, ನೀಲಿ ಸೀರೆಗಳು, ಅಡುಗೆಮನೆಯಿಂದ ಕೈಯಲ್ಲಿ ಸೌಟು ಹಿಡಿದೇ ಬಂದವರು, ನಮ್ಮವರೊಬ್ಬರ ಮನೆಯಲ್ಲಿ ಕಪ್ಪು ಬೇಡವೆಂದು ರಂಪ ಮಾಡಿದ್ದ ಅತ್ತೆ. ಹೊರಗಿನ ಪಾರ್ಕಿಂಗ್ ಲಾಟಿನ ಬಿಸಿಲಿಗೆ ಬಂದು ತಿರುಗಿ ನೋಡಿದರೆ ಬಾಗಿಲಿನಿಂದ ಇನ್ನೂ ಹೆಂಗಸರು ಬರುತ್ತಲೇ ಇದ್ದರು. ಅಷ್ಟು ಸಂತೋಷ ನನಗೆ ಆ ದೇಶದಲ್ಲಿ ಅದುವರೆಗೆ ಆಗಿರಲಿಲ್ಲ.

ಆಂಟಿ ಒಂದು ವ್ಯಾನಿನ ನೆರಳಲ್ಲಿ ನಿಂತರು. ಸುತ್ತ ಎಲ್ಲರೂ ನಿಂತೆವು. ಡೊಳ್ಳು ಕೆಳಗಿಟ್ಟ ಹುಬ್ಬಳ್ಳಿಯ ಹುಡುಗಿ, ನಮ್ಮ ನಾಜೂಕುಗಳೊಂದೂ ಗೊತ್ತಿಲ್ಲದವಳು, ಬೆವರು ಒರೆಸಿಕೊಂಡು ನೇರವಾಗಿ ಕೇಳಿದಳು.

"ಆಂಟಿಯಾರ, ನಿಮ್ಮ ಮಗಾ ಆರಾಮ ಅದಾನೇನ್ರಿ?"

"ಗೊತ್ತಿಲ್ಲಮ್ಮ. ಅವನ ಫೋನ್ ಬಂದು ಹನ್ನೊಂದು ದಿನ ಆಯ್ತು."

ಹನ್ನೊಂದು ದಿನ. ಅವರ ಮನೆಯ ಮೇಜಿನ ಮುಂದೆ ನಾನು ಸೀರೆಯ ಬಣ್ಣಕ್ಕೆ ವಾದ ಮಾಡುತ್ತಿದ್ದಾಗಲೂ ಅವರು ಆ ದಿನಗಳನ್ನು ಎಣಿಸುತ್ತಿದ್ದರು. ನಾನು ಎಲ್ಲ ಕೇಳಿದ್ದೆ, ಇದೊಂದನ್ನು ಬಿಟ್ಟು. ಈಗ ಸೌಟು ಹಿಡಿದವರೊಬ್ಬರು ಅವರ ಕೈ ಹಿಡಿದುಕೊಂಡರು. ಆಮೇಲೆ ಒಬ್ಬೊಬ್ಬರೇ ಶುರುಮಾಡಿದರು. ಅವನು ಎಲ್ಲಿದ್ದಾನೆ, ಏನು ತಿನ್ನುತ್ತಾನೆ, ಕೊನೆಯ ಸಲ ಏನು ಹೇಳಿದ? ಆಂಟಿ ಹೇಳುತ್ತ ಹೋದರು. ಊಟ ತಣ್ಣಗಾಗುತ್ತಿದೆ ಎಂದು ಅಧ್ಯಕ್ಷರು ಎರಡು ಸಲ ಬಂದು ಕರೆದು ವಾಪಸ್ಸು ಹೋದರು.

ಅದಾದ ನಾಲ್ಕನೇ ದಿನ ಮಧ್ಯಾಹ್ನ, ನಾನು ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದಾಗ ಮೊಬೈಲು ಹೊಡೆದುಕೊಂಡಿತು. ಆಂಟಿ ನನ್ನ ಹಲೋಗೂ ಕಾಯಲಿಲ್ಲ.

"ಬಂತು ಕಣೇ! ಎರಡೇ ನಿಮಿಷ. ಕಾಲಲ್ಲಿ ಬೊಬ್ಬೆ ಬಂದಿದೆಯಂತೆ, ಬೇರೇನೂ ಇಲ್ಲವಂತೆ. ಎಲ್ಲರಿಗೂ ಫೋನ್ ಮಾಡು, ಎಲ್ಲರಿಗೂ ಹೇಳು!"

ಸೊಪ್ಪಿನ ಕಟ್ಟು ಕೈಯಲ್ಲೇ ಹಿಡಿದು ನಾನು ಕಿರುಚಿದ್ದಕ್ಕೆ ಪಕ್ಕದಲ್ಲಿದ್ದ ಬಿಳಿಯ ಅಜ್ಜಿ ಬೆಚ್ಚಿ ಏನಾಯಿತೆಂದು ಕೇಳಿದಳು. ನಮ್ಮ ಹುಡುಗನ ಫೋನು ಬಂತು ಎಂದೆ.